ನಾಲ್ಕು ಜನರ ಮುಂದೆ

ಬಸ್‌ಸ್ಟ್ಯಾಂಡಿನಲ್ಲೋ ಮದುವೆಮನೆಯಲ್ಲೋ ಮಗು ಹಟ ಹಿಡಿದು ನೆಲದ ಮೇಲೆ ಹೊರಳಾಡಿದರೆ ನಾವು ಮೊದಲು ನೋಡುವುದು ಮಗುವನ್ನಲ್ಲ, ಸುತ್ತಲಿನವರನ್ನು. ಬೆನ್ನಿಗೆ ಬೀಳುವ ಏಟು ಹೆಚ್ಚಿನ ಸಲ ಆ ಜನರಿಗೆ ಹೆದರಿಯೇ. ಹೆತ್ತವರೂ ಮಕ್ಕಳಿಗೆ ಹೊಡೆಯಬಾರದೆಂದು ಸ್ವೀಡನ್ 1979ರಲ್ಲೇ ಕಾನೂನು ಮಾಡಿತು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮೇಷ್ಟ್ರು ಎತ್ತಬಾರದ ಕೈಯನ್ನು ನಾವು ಎತ್ತಬಹುದೇ?

ಹಾಗಂತ ಸುಮ್ಮನೆ ಬಿಟ್ಟುಬಿಡಿ ಅಂತಲ್ಲ. ಮಗುವನ್ನು ಎತ್ತಿಕೊಂಡು ಆಚೆ ಹೋಗಿ, ಅದರೆದುರು ಕುಕ್ಕರಗಾಲಲ್ಲಿ ಕೂತು, ಮೆಲ್ಲಗೆ ಆದರೆ ದೃಢವಾಗಿ 'ಬೇಡ' ಅನ್ನಿ. ಹಸಿವೋ ನಿದ್ದೆಯೋ ಎಂದು ಹೇಳಲು ಬಾರದ ವಯಸ್ಸದು. ಎಷ್ಟೋ ಸಲ ಅದೇ ಹಟವಾಗುತ್ತದೆ.

ಪಕ್ಕದಲ್ಲಿ ನಿಂತವರೇ, 'ಎರಡು ಬಿಡಮ್ಮಾ, ಸರಿಹೋಗ್ತಾನೆ' ಅನ್ನಬೇಡಿ. ಆ ತಾಯಿಯ ಕೈಲಿರುವ ಬ್ಯಾಗನ್ನು ಸ್ವಲ್ಪ ಹೊತ್ತು ಹಿಡಿದುಕೊಳ್ಳಿ.