ಯಾರ ಗಂಟೆಗೆ ಎಷ್ಟು ಬೆಲೆ?

ಹೊಸ ರೈಲು ಬಂದರೆ ಎಷ್ಟು ಮಂದಿ ಅದನ್ನು ಹತ್ತುತ್ತಾರೆ? ಬಸ್ಸು ಬಿಟ್ಟು ಬೈಕಿಗೆ ಹೋಗುವವರು ಯಾರು? ಸಾರಿಗೆ ಸಂಶೋಧನೆಯಲ್ಲಿರುವ ನನ್ನಂಥವರು ಇಂಥ ಪ್ರಶ್ನೆಗಳಿಗೆ ಕಂಪ್ಯೂಟರಿನಲ್ಲಿ ಉತ್ತರ ಹುಡುಕುತ್ತೇವೆ. ನಾನು ಬಳಸುವ ತಂತ್ರಾಂಶ ಬಯೋಜೀಮ್. ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದ ಪ್ರಾಧ್ಯಾಪಕ ಮಿಶೆಲ್ ಬಿಯರ್ಲೇರ್ ರೂಪಿಸಿದ ಇದು ಉಚಿತ. ದುಬಾರಿ ತಂತ್ರಾಂಶ ಕೊಳ್ಳಲಾರದ ನಮ್ಮ ವಿದ್ಯಾರ್ಥಿಗಳಿಗೆ ಅದೇ ದೊಡ್ಡ ಉಪಕಾರ.

ಲೆಕ್ಕದ ತಿರುಳು ಸರಳ. ಬಸ್ಸು, ಬೈಕು, ನಡಿಗೆ ಪ್ರತಿಯೊಂದಕ್ಕೂ ತಗಲುವ ಸಮಯ ಮತ್ತು ಖರ್ಚನ್ನು ಕೊಡುತ್ತೇವೆ. ಜನರು ನಿಜವಾಗಿ ಮಾಡಿದ ಆಯ್ಕೆಗೆ ಹೊಂದುವಂತೆ, ಸಮಯಕ್ಕೆ ಎಷ್ಟು ತೂಕ, ಹಣಕ್ಕೆ ಎಷ್ಟು ತೂಕ ಎಂದು ಯಂತ್ರ ಅಳೆಯುತ್ತದೆ. ಈ ವಿಧಾನವನ್ನು ಬೆಳೆಸಿದ ಡೇನಿಯಲ್ ಮ್ಯಾಕ್‌ಫ್ಯಾಡನ್ 2000ದಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದಲ್ಲಿ 1972ರಲ್ಲಿ ಆರಂಭವಾದ ಬಾರ್ಟ್ ರೈಲಿನ ಪಾಲು ಶೇ. 15 ಆಗಬಹುದೆಂದು ಅಧಿಕೃತ ಅಂದಾಜಿತ್ತು. ಅವರ ತಂಡ ಶೇ. 6.3 ಎಂದಿತು. ಆದದ್ದು ಶೇ. 6.2!

ಇಂಥ ನಿಖರತೆ ಕಂಡಾಗ ಯಂತ್ರವನ್ನು ಪೂರ್ತಿ ನಂಬಿಬಿಡಲು ಮನಸ್ಸಾಗುತ್ತದೆ. ಆದರೆ ಲೆಕ್ಕ ಶುರುವಾಗುವ ಮೊದಲೇ ಒಂದು ತೀರ್ಮಾನವನ್ನು ನಾವು ಮಾಡಿರಬೇಕು. ಒಬ್ಬೊಬ್ಬರಿಗೂ ಯಾವ ವಾಹನ ಲಭ್ಯ, ಯಾವುದು ಅಲಭ್ಯ ಎಂದು ಒಂದು ಅಥವಾ ಸೊನ್ನೆ ಬರೆಯಬೇಕು.

ಬೆಂಗಳೂರಿನ ಹೊರವಲಯದ ಬಡಾವಣೆಯೊಂದರಲ್ಲಿ ಮನೆಕೆಲಸಕ್ಕೆ ನಡೆದೇ ಹೋಗುತ್ತಿದ್ದ ಹೆಂಗಸೊಬ್ಬರನ್ನು ಕೆಲವು ವರ್ಷಗಳ ಹಿಂದೆ ಸಮೀಕ್ಷೆಯಲ್ಲಿ ಕೇಳಿದ್ದೆ: “ಬಸ್ಸಿದೆಯಲ್ಲಮ್ಮಾ?”

“ಹೋಗೋಕೆ ಬರೋಕೆ ಟಿಕೆಟ್ಟಿಗೆ ಕೊಟ್ರೆ ಹಾಲಿಗೆ ಎಲ್ಲಿಂದ ತರ್ಲಿ ಸಾರ್?”

ಅವರ ಸಾಲಿನಲ್ಲಿ ಏನು ಬರೆಯಬೇಕು? ಒಂದು ಎಂದರೆ, ಕೆಲವೇ ರೂಪಾಯಿ ಉಳಿಸಲು ಈಕೆ ಒಂದು ಗಂಟೆ ಬಿಟ್ಟುಕೊಟ್ಟರು, ಆಕೆಯ ಗಂಟೆಯ ಬೆಲೆ ಅಷ್ಟೇ ಎಂದು ಯಂತ್ರ ಓದಿಕೊಳ್ಳುತ್ತದೆ. ಸೊನ್ನೆ ಎಂದರೆ, ಬಸ್ಸು ಬೇಕಾದವರ ಲೆಕ್ಕದಿಂದಲೇ ಅವರು ಮಾಯ. ಇದು ಬರೀ ಪಾಂಡಿತ್ಯದ ಚರ್ಚೆಯಲ್ಲ. ಸಮಯದ ಈ ಬೆಲೆಯನ್ನು ಗುಣಿಸಿಯೇ ಯೋಜನೆಗಳ ಲಾಭ ತೋರಿಸುತ್ತಾರೆ. ಬಡವರ ಗಂಟೆ ಅಗ್ಗವಾದರೆ, ಕಾರಿನವರ ಹತ್ತು ನಿಮಿಷ ಉಳಿಸುವ ಮೇಲ್ಸೇತುವೆಯೇ ಹೆಚ್ಚು ಲಾಭದ್ದಾಗಿ ಕಾಣುತ್ತದೆ. ಗಣಿತದಲ್ಲಿ ತಪ್ಪಿಲ್ಲ, ಅನ್ಯಾಯ ಮಾತ್ರ ಇದೆ.

ಬಯೋಜೀಮ್ ಕಲಿಯುವವರಿಗೆಲ್ಲ ಸಿಗುವ ಅಭ್ಯಾಸ ಪಾಠವೊಂದಿದೆ. 1998ರ ಸ್ವಿಸ್‌ಮೆಟ್ರೋ ಸಮೀಕ್ಷೆಯದು. ನೆಲದಡಿ ಓಡಬೇಕಿದ್ದ ಆ ಅತಿವೇಗದ ರೈಲು ಕೊನೆಗೂ ಬರಲಿಲ್ಲ, ಅಂಕಿಅಂಶ ಮಾತ್ರ ಉಳಿಯಿತು. ಅದರಲ್ಲಿ ವಾರ್ಷಿಕ ಪಾಸ್ ಇದ್ದವರ ಟಿಕೆಟ್ ಖರ್ಚನ್ನು ಸೊನ್ನೆಯಿಂದ ಗುಣಿಸುವ ಸಾಲೊಂದು ಬರುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಕರ್ನಾಟಕದ ಮಹಿಳೆಯರಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾದ ಮೇಲೆ ನಾನೂ ಅಂಥದೇ ಸಾಲು ಬರೆದೆ. ಈಗಲೂ ನಡೆಯುತ್ತಿರುವವರು ಹಣ ಉಳಿಸಲು ನಡೆಯುತ್ತಿದ್ದಾರೆ ಎನ್ನುವಂತಿಲ್ಲ. ಆದ್ದರಿಂದ ಪ್ರಶ್ನಾವಳಿಗೆ ಎರಡು ಪ್ರಶ್ನೆ ಸೇರಿಸಿದ್ದೇನೆ: ನಿಲ್ದಾಣ ಎಷ್ಟು ದೂರ? ನಿಮ್ಮ ಕೆಲಸದ ಹೊತ್ತಿಗೆ ಬಸ್ಸು ಬರುತ್ತದೆಯೇ?