ಕೆಲಸವಿಲ್ಲ ಎಂದಾದರೂ ಹೇಳಿ

ಕೆಲಸಕ್ಕೆ ಅರ್ಜಿ ಹಾಕುವಾಗ ನಮ್ಮದೇ ವಿಳಾಸ ಬರೆದು ಸ್ಟಾಂಪು ಅಂಟಿಸಿದ ಲಕೋಟೆಯನ್ನೂ ಜೊತೆಗಿಟ್ಟು ಕಳಿಸುತ್ತಿದ್ದ ಕಾಲ ನನ್ನದು. ಉತ್ತರದ ಖರ್ಚೂ ನಮ್ಮದೇ. ಆದರೂ ಆ ಕಾಯುವಿಕೆಗೆ ಒಂದು ಹೊತ್ತು ಅಂತಿತ್ತು. ತೀರ್ಥಹಳ್ಳಿಯ ಬಸ್ಸಿನಿಂದ ಟಪಾಲು ಚೀಲ ಇಳಿಯಬೇಕು, ಪೋಸ್ಟ್ ಮಾಸ್ತರರು ಮುದ್ರೆ ಒತ್ತಿ ವಿಂಗಡಿಸಬೇಕು, ಪೋಸ್ಟ್‌ಮ್ಯಾನ್ ಸೈಕಲ್ ಹತ್ತಿ ತೋಟದ ದಾರಿ ಹಿಡಿಯಬೇಕು. ಅವರು ನಮ್ಮ ಮನೆ ದಾಟಿ ಹೋದರೆಂದರೆ ಅವತ್ತಿನ ಮಟ್ಟಿಗೆ ಮುಗಿಯಿತು. ಮಧ್ಯಾಹ್ನದ ಊಟ ನೆಮ್ಮದಿಯಾಗಿ ಇಳಿಯುತ್ತಿತ್ತು. ಮಾರನೆಯ ದಿನ ಬೆಳಗಾಗುವವರೆಗೆ ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ನಮ್ಮ ಮನೆಯಲ್ಲೇ ಇದ್ದು ಓದಿದ ತಂಗಿಯ ಮಗಳಿಗೆ ಆ ಬಿಡುವಿಲ್ಲ. ಶಿವಮೊಗ್ಗದಲ್ಲಿ ಬಿ.ಕಾಂ. ಮುಗಿಸಿ, ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಇಂಟರ್‌ವ್ಯೂ ಕೊಟ್ಟು ಬಂದಿದ್ದಾಳೆ. ಕೊನೆಯ ಸುತ್ತಿನಲ್ಲಿ ಸಂಬಳ ಎಷ್ಟು ನಿರೀಕ್ಷಿಸುತ್ತೀರಿ, ಯಾವತ್ತು ಸೇರಬಹುದು ಎಂದೆಲ್ಲ ಕೇಳಿದರಂತೆ. ಸೇರುವ ದಿನ ಕೇಳಿದ ಮೇಲೆ ಯಾರಿಗೆ ತಾನೇ ಆಸೆ ಹುಟ್ಟುವುದಿಲ್ಲ? ಎಚ್.ಆರ್. ಕಡೆಯಿಂದ ಫೋನ್ ಬರುತ್ತೆ ಎಂದು ಕಳಿಸಿದರು. ಆಮೇಲೆ ಸದ್ದಿಲ್ಲ.

ನಮ್ಮ ಮನೆಯೊಳಗೆ ಸಿಗ್ನಲ್ ಬರುವುದಿಲ್ಲ. ಕೊಟ್ಟಿಗೆಯ ಹಿಂದಿನ ದಿಬ್ಬ ಹತ್ತಿದರೆ ಎರಡು ಕಡ್ಡಿ ಸಿಗುತ್ತದೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ, ಬ್ಯಾಟರಿ ಇಳಿದು ಟವರೂ ನಿಂತುಬಿಡುತ್ತದೆ. ಹುಡುಗಿ ಕೊಡೆ ಹಿಡಿದು ಆ ದಿಬ್ಬದ ಮೇಲೆ ನಿಲ್ಲುತ್ತಾಳೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ತಟ್ಟನೆ ಎತ್ತಿಕೊಳ್ಳುತ್ತಾಳೆ. ಆ ಕಡೆಯಿಂದ ಕ್ರೆಡಿಟ್ ಕಾರ್ಡ್ ಬೇಕೇ ಎನ್ನುವ ದನಿ. ಕರೆಂಟಿಲ್ಲದ ಹೊತ್ತಿನಲ್ಲೇ ಕಂಪನಿಯವರು ಫೋನ್ ಮಾಡಿದ್ದರೆ? ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಕೇಳಿ, ಪಟ್ಟಿಯಲ್ಲಿ ಮುಂದಿನ ಹೆಸರಿಗೆ ಹೋಗಿದ್ದರೆ? ಉತ್ತರ ಬಾರದ ಕಡೆ ಮನಸ್ಸು ತಾನೇ ಉತ್ತರ ಕಟ್ಟಿಕೊಳ್ಳುತ್ತದೆ, ಅದರಲ್ಲಿ ಒಂದೂ ನಮ್ಮ ಪರವಾಗಿರುವುದಿಲ್ಲ. ಜಿಎಸ್‌ಟಿ ರಿಟರ್ನ್ ಬಗ್ಗೆ ಅವರು ಕೇಳಿದ ಒಂದು ಪ್ರಶ್ನೆಗೆ ಈಕೆ ದೋಸೆಗೆ ರುಬ್ಬುತ್ತ ರುಬ್ಬುತ್ತ ದಿನಕ್ಕೊಂದು ಹೊಸ ಉತ್ತರ ಹೇಳಿಕೊಳ್ಳುತ್ತಾಳೆ. ಎಲ್ಲವೂ ಸರಿಯಾದ ಉತ್ತರಗಳೇ. ಕೇಳಿಸಿಕೊಳ್ಳಬೇಕಾದವರು ಅಲ್ಲಿಲ್ಲ.

ಶುಕ್ರವಾರ ಸಂಜೆ ಆರು ದಾಟಿದಾಗ ಅವಳ ಮುಖ ನೋಡಲಾರೆ. ಶನಿವಾರ ಬೆಳಿಗ್ಗೆ ಏಳುವವಳು ಬೇರೆಯೇ ಹುಡುಗಿ. "ಇವತ್ತು ಆಫೀಸಿಗೆ ರಜೆ ದೊಡ್ಡಮ್ಮಾ, ಯಾರೂ ಫೋನ್ ಮಾಡಲ್ಲ" ಎನ್ನುತ್ತ ಕೆಸುವಿನೆಲೆ ಕೊಯ್ದು ತರುತ್ತಾಳೆ, ಪತ್ರೊಡೆಗೆ ಅಕ್ಕಿ ನೆನೆಹಾಕುತ್ತಾಳೆ, ನಗುತ್ತಾಳೆ. ನಮ್ಮ ಪೋಸ್ಟ್‌ಮ್ಯಾನ್ ನನಗೆ ದಿನಾಲೂ ಕೊಡುತ್ತಿದ್ದ ಬಿಡುವು ಇವಳಿಗೆ ವಾರದ ಕೊನೆಗಷ್ಟೇ.

ಕಂಪನಿಯವರಿಗೂ ಅವರದೇ ಆದ ಕಾರಣಗಳಿವೆ, ಬಲ್ಲೆ. ಮೊದಲು ಆರಿಸಿದವರು ಒಪ್ಪಿಕೊಂಡೂ ಬಾರದೆ ಹೋಗಬಹುದು. ಹಳೆಯ ಕಡೆ ನೋಟಿಸ್ ಪೀರಿಯಡ್ಡೇ ಮೂರು ತಿಂಗಳಿರಬಹುದು. ಅದಕ್ಕಾಗಿ ಎರಡನೆಯವರನ್ನು ಕೈಯಲ್ಲಿಟ್ಟುಕೊಂಡು ಸುಮ್ಮನಿರುತ್ತಾರೆ. ಸರಿ, ಅಷ್ಟನ್ನೇ ಹೇಳಬಹುದಲ್ಲ! ಇಲ್ಲ ಎಂದರೆ ನೊಂದುಕೊಂಡಾರು ಎಂಬ ಸಂಕೋಚದಿಂದ ಸುಮ್ಮನಿರುವವರೂ ಇದ್ದಾರೆ. ನೋವು ಆಗುತ್ತದೆ, ನಿಜ. ಒಂದು ರಾತ್ರಿ ಅಳುತ್ತಾಳೆ. ಆದರೆ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಸೇರುವುದೋ ಬೇಡವೋ ಎಂದು ಮರುದಿನವೇ ಯೋಚಿಸಬಹುದು. ಈಗ ಆ ಅರ್ಜಿ ಮೇಜಿನ ಮೇಲೆ ಅರ್ಧ ತುಂಬಿ ಕೂತಿದೆ. ಆ ಕಡೆಯ ಮೌನಕ್ಕೆ ಈ ಕಡೆ ಬೆಲೆ ತೆರುವವಳು ಇವಳು.

ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ಕಡ್ಡಾಯವಾಗಿ ತಿಳಿಸಬೇಕೆಂದು ನಮ್ಮಲ್ಲಿ 1959ರಲ್ಲೇ ಕಾಯ್ದೆಯಾಯಿತು. 25 ಅಥವಾ ಹೆಚ್ಚು ಜನ ದುಡಿಯುವ ಖಾಸಗಿ ಸಂಸ್ಥೆಗಳಿಗೂ ಅದು ಅನ್ವಯಿಸುತ್ತಿತ್ತು. ಆಯ್ಕೆಯಾದ 15 ದಿನದೊಳಗೆ ಫಲಿತಾಂಶ ತಿಳಿಸಬೇಕೆಂದೂ ಅದರ ನಿಯಮಗಳಲ್ಲಿತ್ತು. ಯಾರಿಗೆ? ವಿನಿಮಯ ಕೇಂದ್ರಕ್ಕೆ. ಎದುರು ಕೂತು ಉತ್ತರಿಸಿದ ಮನುಷ್ಯರ ನೆನಪು ಆ ಸಾಲು ಬರೆದವರಿಗೆ ಆಗಲಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದವರಿಗೆ ಆಗಿದೆ. ಅಲ್ಲಿ 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ, ಬಹಿರಂಗವಾಗಿ ಜಾಹೀರಾತು ಕೊಟ್ಟ ಹುದ್ದೆಗೆ ಸಂದರ್ಶನ ಮಾಡಿದರೆ, ನೇಮಕದ ತೀರ್ಮಾನ ಆಗಿದೆಯೋ ಇಲ್ಲವೋ ಎಂದು ಕೊನೆಯ ಸಂದರ್ಶನವಾದ 45 ದಿನದೊಳಗೆ ಅಭ್ಯರ್ಥಿಗೇ ತಿಳಿಸಬೇಕು. 2026ರ ಜನವರಿ 1ರಿಂದ ಇದು ಕಾನೂನು. 45 ದಿನ ನನಗೆ ಬಹಳವೆನ್ನಿಸುತ್ತದೆ. ಆದರೂ ಕಾಯುವವರ ಕೈಗೆ ಒಂದು ತಾರೀಖಾದರೂ ಸಿಕ್ಕಿತು. ನಮ್ಮ ಮಕ್ಕಳಿಗೂ ಅದು ಸಿಗಬೇಕು. ರಾತ್ರಿ ಬಸ್ಸಿನ ಟಿಕೆಟ್ಟು, ಇಸ್ತ್ರಿ ಮಾಡಿದ ಚೂಡಿದಾರ, ಅಂಕಪಟ್ಟಿಗಳ ಜೆರಾಕ್ಸು ಎಲ್ಲ ಹೊಂದಿಸಿಕೊಂಡು ಬಂದವರಿಗೆ ಎರಡು ಸಾಲಿನ ಮೇಲ್ ಕಳಿಸಲು ಹೆಚ್ಚು ಹೊತ್ತು ಬೇಡ.

ನಾಡಿದ್ದು ರಾತ್ರಿ ಅವಳು ಮತ್ತೆ ಬೆಂಗಳೂರಿಗೆ ಹೊರಡುತ್ತಾಳೆ, ಬೇರೊಂದು ಕಡೆ ಇಂಟರ್‌ವ್ಯೂ. "ಕೊನೆಗೆ ನಿಮಗೇನಾದ್ರೂ ಕೇಳೋದಿದ್ಯಾ ಅಂತಾರಲ್ಲ, ಆಗ ಕೇಳು ಮಗಾ, ಯಾವ ತಾರೀಖಿನೊಳಗೆ ಹೇಳ್ತೀರಿ, ಇಲ್ಲ ಅಂತಾದ್ರೂ ಹೇಳ್ತೀರಾ ಅಂತ" ಎಂದೆ.

"ಹಾಗೆಲ್ಲ ಕೇಳಿದ್ರೆ ಏನಂದ್ಕೋತಾರೋ ದೊಡ್ಡಮ್ಮಾ."

ಅಂದುಕೊಳ್ಳಲಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ನೋಟ್‌ಬುಕ್ ತಂದಳು. ಇಂಗ್ಲಿಷಿನಲ್ಲಿ ಅದನ್ನು ಮರ್ಯಾದೆಯಾಗಿ, ಆದರೆ ಹಿಂಜರಿಯದೆ ಕೇಳುವುದು ಹೇಗೆಂದು ಇಬ್ಬರೂ ಕೂತು ಬರೆದು ನೋಡಿದೆವು.