ವಾಷಿಂಗ್ಟನ್ನಿನಲ್ಲೊಂದು ಜಾಝ್ ಸಂಜೆ

ವಾಷಿಂಗ್ಟನ್ ಅಂದ್ರೆ ಶ್ವೇತಭವನ, ಕ್ಯಾಪಿಟಲ್, ಸೂಟುಬೂಟಿನ ಗಡಿಬಿಡಿ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಬೇಸಿಗೆಯ ಶುಕ್ರವಾರ ಸಂಜೆ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನ ಶಿಲ್ಪೋದ್ಯಾನಕ್ಕೆ ಹೋಗಿ ನೋಡಿ. ಅದೇ ಸೂಟಿನವರು ಟೈ ಸಡಿಲಿಸಿ, ಶೂ ಬಿಚ್ಚಿ, ಕಾರಂಜಿಯ ಕಟ್ಟೆ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟಿರ್ತಾರೆ. ‘ಜಾಝ್ ಇನ್ ದ ಗಾರ್ಡನ್’ ಅನ್ನೋ ಈ ಕಛೇರಿ ಉಚಿತ.

1999ರಲ್ಲಿ ತೆರೆದ ಉದ್ಯಾನ ಇದು. ನಡುವಿನ ಕಾರಂಜಿ ಚಳಿಗಾಲದಲ್ಲಿ ಸ್ಕೇಟಿಂಗ್ ಅಂಗಳವಾಗುತ್ತದೆ. ಸುತ್ತಲೂ ಶಿಲ್ಪಗಳು. ಲೂಯಿ ಬೂರ್ಜ್ವಾ ಮಾಡಿದ ಕಂಚಿನ ಜೇಡ ಒಂದು ಕಡೆ. ಇನ್ನೊಂದು ಕಡೆ ಲಿಕ್ಟನ್‌ಸ್ಟೈನ್ ಅವರ ಮನೆ; ನಾವು ನಡೆದ ಹಾಗೆ ಅದೂ ನಮ್ಮ ಜೊತೆ ತಿರುಗಿದಂತೆ ಕಾಣುತ್ತದೆ. ಸುಮಾರು 6 ಮೀಟರ್ ಎತ್ತರದ ಟೈಪ್‌ರೈಟರ್ ರಬ್ಬರ್ ಕೂಡ ಇದೆ. ನಮ್ಮ ಬ್ಯಾಕ್‌ಸ್ಪೇಸ್ ಕೀಯ ಅಜ್ಜ ಅನ್ನಬಹುದು!

ಜಾಝ್ ನನಗೆ ಹೊಸದು. ಆದರೆ ಅದರ ನಡೆ ಅಪರಿಚಿತ ಅನ್ನಿಸಲಿಲ್ಲ. ಮೊದಲು ಎಲ್ಲರೂ ಸೇರಿ ಒಂದು ರಾಗಾಲಾಪದಂಥ ಧಾಟಿ ಹಿಡಿಯುತ್ತಾರೆ, ಆಮೇಲೆ ಸ್ಯಾಕ್ಸೊಫೋನು, ಪಿಯಾನೊ, ಡ್ರಮ್ಸ್ ಸರದಿಯ ಮೇಲೆ ತಮ್ಮ ಮನೋಧರ್ಮ ತೋರಿಸುತ್ತವೆ. ಪ್ರತಿ ಸರದಿ ಮುಗಿದಾಗಲೂ ಹಾಡಿನ ಮಧ್ಯದಲ್ಲೇ ಚಪ್ಪಾಳೆ. ನಮ್ಮ ತನಿ ಆವರ್ತನ ಕೇಳಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಬೇಜಾರಾಗಿದ್ದು ಹರಟೆಗೆ. ಡಬಲ್ ಬಾಸ್‌ನವರು ಕಣ್ಣುಮುಚ್ಚಿ ನುಡಿಸುತ್ತಿದ್ದರೆ ಅರ್ಧ ಜನ ಆಫೀಸಿನ ಸುದ್ದಿಯಲ್ಲಿ, ಸೆಲ್ಫಿಯಲ್ಲಿ ಮುಳುಗಿದ್ದರು. ಪಿಕ್ನಿಕ್ ಅಂದ್ಮೇಲೆ ಮಾತು ಇದ್ದೇ ಇರತ್ತೆ, ನಿಜ. ಆದರೆ ಈ ಊರಿನಲ್ಲಿ ಈ ಸಂಗೀತಕ್ಕೆ ಒಂದು ತೂಕ ಇದೆ. ಜಾಝ್ ದಿಗ್ಗಜ ಡ್ಯೂಕ್ ಎಲಿಂಗ್ಟನ್ 1899ರಲ್ಲಿ ಹುಟ್ಟಿದ್ದು ಇಲ್ಲೇ, ವರ್ಣಭೇದ ಆಳುತ್ತಿದ್ದ ನಗರದಲ್ಲಿ. 1939ರಲ್ಲಿ ಗಾಯಕಿ ಮರಿಯನ್ ಆಂಡರ್ಸನ್ ಕಪ್ಪುವರ್ಣದವರು ಅನ್ನೋ ಕಾರಣಕ್ಕೆ ಇಲ್ಲಿನ ಕಾನ್‌ಸ್ಟಿಟ್ಯೂಷನ್ ಹಾಲ್ ಅವರಿಗೆ ಸಿಗಲಿಲ್ಲ. ಅವರು ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಹಾಡಿದರು. ಕೇಳಲು ಸುಮಾರು 75,000 ಜನ ಸೇರಿದ್ದರು. ಆ ಮೆಟ್ಟಿಲುಗಳು ಈ ಉದ್ಯಾನದಿಂದ ಅರ್ಧ ಗಂಟೆಯ ನಡಿಗೆಯಷ್ಟೇ ದೂರ. ಅಂದು ಬಾಗಿಲು ಮುಚ್ಚಿದ್ದರಿಂದ ಸಂಗೀತ ಬಯಲಿಗೆ ಬಂತು. ಇಂದು ಎಲ್ಲ ಬಣ್ಣದವರೂ ಒಂದೇ ಹುಲ್ಲಿನ ಮೇಲೆ ಕೂತು ಕೇಳಬಹುದು. ಅದಕ್ಕಾದರೂ ಒಂದೆರಡು ಹಾಡು ಬಾಯಿ ಮುಚ್ಚಿ ಕೇಳೋಣ ಅನ್ನಿಸಿತು.

ಹೋಗುವವರಿಗೆ ನಾಲ್ಕು ಮಾತು: ಆರ್ಕೈವ್ಸ್ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಹತ್ತಿರ. ಜನ ಹೆಚ್ಚು ಅಂತ ಈಚೆಗೆ ಪಾಸುಗಳನ್ನು ಆನ್‌ಲೈನ್ ಲಾಟರಿಯಲ್ಲಿ ಕೊಡ್ತಾರೆ, ಮೊದಲೇ ಹೆಸರು ಹಾಕಿಡಿ. ಹಾಸಿಕೊಳ್ಳಲು ಒಂದು ಬೆಡ್‌ಶೀಟ್, ಡಬ್ಬಿಯಲ್ಲಿ ಚಿತ್ರಾನ್ನ ಇದ್ದರೆ ಸಂಜೆ ಸೊಗಸು. ಮುಖ್ಯವಾಗಿ, ವಾದ್ಯದವರ ಹತ್ತಿರ ಜಾಗ ಹಿಡೀರಿ. ದೂರ ಕೂತರೆ ಪಕ್ಕದವರ ಬಾಸ್ ಬಗ್ಗೆ ಕೇಳಿಸತ್ತೆ, ಡಬಲ್ ಬಾಸ್ ಕೇಳಿಸಲ್ಲ.